ತಡವೂ ಒಂದು ಕೆಲಸ ಮಾಡುತ್ತಿತ್ತು

ಕಾಗದ ಬರೆದು, ಮಡಚಿ, ಲಕೋಟೆಗೆ ಹಾಕಿ, ಅಂಟು ಹಚ್ಚಿ, ವಿಳಾಸ ಬರೆದು ಟಪಾಲು ಡಬ್ಬಿಯವರೆಗೆ ನಡೆದು ಹೋಗುವಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತಿತ್ತು. ಎಷ್ಟೋ ಕಾಗದಗಳು ಡಬ್ಬಿಗೆ ಬೀಳದೆ ಮೇಜಿನ ಖಾನೆಯಲ್ಲೇ ಉಳಿದವು, ಅದರಿಂದ ಎಷ್ಟೋ ಸಂಬಂಧಗಳೂ ಉಳಿದವು. ಆ ನಡಿಗೆಯನ್ನು ಆಗ ಯಾರೂ ಸೌಕರ್ಯ ಎಂದುಕೊಂಡಿರಲಿಲ್ಲ. ಅದೊಂದು ರಗಳೆ, ಅಷ್ಟೆ. ಈಗ ರಗಳೆ ಹೋಗಿದೆ. ಅದು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸವೂ ಹೋಗಿದೆ.

ಇಂಟರ್‌ನೆಟ್ ಸಮಾಜವನ್ನು ಕೆಡಿಸಿತೋ ಉದ್ಧರಿಸಿತೋ ಎಂಬ ವಾದ ನನಗೆ ಸಾಕಾಗಿದೆ. ನನ್ನ ವಯಸ್ಸಿನವರು ಕೆಡಿಸಿತು ಅನ್ನುತ್ತಾರೆ, ಅದನ್ನೂ ವಾಟ್ಸ್‌ಆ್ಯಪ್‌ನಲ್ಲೇ ಅನ್ನುತ್ತಾರೆ! ಎರಡೂ ಕಾಲ ನೋಡಿದವರಿಗೆ ಒಂದು ವಿಷಯ ಮಾತ್ರ ಸ್ಪಷ್ಟವಾಗಿ ಕಾಣಬೇಕು. ಈ ಜಾಲ ಎರಡು ವಸ್ತುಗಳನ್ನು ಕಿತ್ತು ಹಾಕಿತು: ತಡ ಒಂದು, ನಡುವೆ ನಿಲ್ಲುತ್ತಿದ್ದ ಮನುಷ್ಯ ಇನ್ನೊಂದು. ಒಳ್ಳೆಯದೂ ಕೆಟ್ಟದ್ದೂ ಬಹುಪಾಲು ಅಲ್ಲಿಂದಲೇ ಹೊರಟಿದೆ. ಎಲ್ಲ ತಡವನ್ನೂ ವಾಪಸು ತರುವುದು ಆಗದು, ಬೇಕಾಗಿಯೂ ಇಲ್ಲ. ಯಾವ ತಡ ಯಾವ ಕೆಲಸಕ್ಕಿತ್ತು ಎಂದು ಗುರುತಿಸಿ ಅಷ್ಟನ್ನು ಕೈಯಾರೆ ಮತ್ತೆ ಹಾಕಿಕೊಳ್ಳಬಹುದು.

ಮೊದಲು ಜಾಲದ ಹುಟ್ಟನ್ನು ಸ್ವಲ್ಪ ನೋಡೋಣ, ಇವತ್ತಿನ ಅರ್ಧ ತಲೆನೋವು ಅಲ್ಲೇ ಇದೆ. 1969ರ ಅಕ್ಟೋಬರ್ 29ರಂದು ಅಮೆರಿಕದ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ 'ಲಾಗಿನ್' ಎಂಬ ಪದ ಕಳಿಸಲು ಹೊರಟರು. ಎಲ್, ಓ ಎಂಬ ಎರಡು ಅಕ್ಷರ ತಲುಪುವಷ್ಟರಲ್ಲಿ ಆ ಕಡೆಯ ಯಂತ್ರ ಕೈಕೊಟ್ಟಿತು. ಆ ಜಾಲದಲ್ಲಿ ಇದ್ದವರು ಬೆರಳೆಣಿಕೆಯ ಸಂಶೋಧಕರು, ಬಹುತೇಕ ಒಬ್ಬರಿಗೊಬ್ಬರು ಪರಿಚಿತರು. ಹಾಗಾಗಿ ಕಳಿಸಿದವರು ನಿಜಕ್ಕೂ ಅವರೇನಾ ಎಂದು ಪರೀಕ್ಷಿಸುವ ಏರ್ಪಾಡನ್ನು ಯಾರೂ ಮಾಡಲಿಲ್ಲ. 1982ರಲ್ಲಿ ಇಮೇಲ್ ಸಾಗಾಟದ ನಿಯಮಗಳನ್ನು ಬರೆದಾಗಲೂ ಅದೇ ನಂಬಿಕೆ. 'ಇಂದ' ಎಂಬ ಜಾಗದಲ್ಲಿ ಯಾರ ಹೆಸರನ್ನಾದರೂ ಬರೆಯಬಹುದಿತ್ತು, ಲಕೋಟೆಯ ಹಿಂದೆ ಯಾರದೋ ವಿಳಾಸ ಬರೆದ ಹಾಗೆ. ಪರಿಶೀಲನೆಯ ಪದರಗಳನ್ನು ಆಮೇಲೆ ತೇಪೆ ಹಚ್ಚಿದ ಹಾಗೆ ಒಂದೊಂದಾಗಿ ಸೇರಿಸಿದರು, ತೇಪೆ ಇವತ್ತಿಗೂ ಪೂರ್ತಿ ಮುಚ್ಚಿಲ್ಲ. ಅಪರಿಚಿತರಿಗೆಲ್ಲ ಒಟ್ಟಿಗೆ ಜಾಹೀರಾತು ಕಳಿಸುವ ಚಾಳಿಯೂ ಹಳೆಯದೇ: 1978ರ ಮೇ 3ರಂದು ಕಂಪ್ಯೂಟರ್ ಕಂಪನಿಯೊಂದರ ಮಾರಾಟಗಾರರು ಸುಮಾರು 400 ಜನರಿಗೆ ಒಂದೇ ಏಟಿಗೆ ಕಳಿಸಿದ್ದರು. ಬೈಗುಳ ಬಂದವು, ವ್ಯಾಪಾರವೂ ಆಯಿತು. ಎರಡನೆಯದರಿಂದಾಗಿಯೇ ಆ ಚಾಳಿ ನಿಲ್ಲಲಿಲ್ಲ.

ಇನ್ನು ಕಳಿಸುವ ಗುಂಡಿಯ ವಿಷಯ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆ. ಈಗ ಆಡಿದ ಮಾತು ಹೋಗುವುದೇ ಇಲ್ಲ, ಅಲ್ಲೇ ಕೂತಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಅಳಿಸಿದರೂ 'ಈ ಸಂದೇಶವನ್ನು ಅಳಿಸಲಾಗಿದೆ' ಎಂಬ ಗುರುತು ಉಳಿಯುತ್ತದೆ. ಏನಿತ್ತೋ ಎಂದು ನಾಲ್ಕು ಜನ ಊಹಿಸುವುದಕ್ಕೆ ಅಷ್ಟು ಸಾಕು. ಜಿಮೇಲ್‌ನಲ್ಲಿ 'ಕಳುಹಿಸಿದ್ದನ್ನು ರದ್ದುಮಾಡು' ಎಂಬುದಿದೆಯಲ್ಲ, ಅದು ಹೋದ ಪತ್ರವನ್ನು ಹಿಂದಕ್ಕೆ ಎಳೆದು ತರುವುದಿಲ್ಲ. ಗುಂಡಿ ಒತ್ತಿದ ಮೇಲೂ ಪತ್ರವನ್ನು ಕೆಲವು ಸೆಕೆಂಡು ತಡೆದು ನಿಲ್ಲಿಸುತ್ತದೆ, ಆಮೇಲೆ ಬಿಡುತ್ತದೆ. ಇದು ನಮ್ಮ ಹಳೆಯ ನಡಿಗೆಯೇ, ಚಿಕ್ಕದಾಗಿದೆ ಅಷ್ಟೆ. ಮೊದಲಿಗೆ ಅದು 5 ಸೆಕೆಂಡು ಇರುತ್ತದೆ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಬಲ ಮೇಲ್ತುದಿಯ ಹಲ್ಲುಚಕ್ರ ಒತ್ತಿ, ಎಲ್ಲ ಸೆಟ್ಟಿಂಗ್ಸ್‌ಗೆ ಹೋಗಿ, ಮೊದಲ ಪುಟದಲ್ಲೇ ಅದನ್ನು 30 ಸೆಕೆಂಡಿಗೆ ಏರಿಸಿ. ಬಹಳ ಜನ ಎಡವುವುದು ಇದರ ನಂತರ: ಆ ಪುಟದ ತೀರಾ ಕೆಳಗೆ ಬದಲಾವಣೆ ಉಳಿಸುವ ಗುಂಡಿ ಇದೆ, ಅದನ್ನು ಒತ್ತದೆ ಹೊರಬಂದರೆ ಮತ್ತೆ 5ಕ್ಕೇ ನಿಂತಿರುತ್ತದೆ. ಸಿಟ್ಟಿನ ಪತ್ರಕ್ಕೆ 30 ಸೆಕೆಂಡೂ ಸಾಲದು. ಅಂಥದ್ದಕ್ಕೆ 'ಗೆ' ಎಂಬ ಜಾಗ ಖಾಲಿ ಬಿಟ್ಟು ಬರೆಯುವುದೇ ಸರಿ. ವಿಳಾಸವೇ ಇಲ್ಲದ ಪತ್ರ ಕೈತಪ್ಪಿಯೂ ಹೋಗುವುದಿಲ್ಲ.

ಫಾರ್ವರ್ಡ್ ವಿಷಯದಲ್ಲಿ ನಮ್ಮ ತಲೆಮಾರು ತಪ್ಪೊಪ್ಪಿಕೊಳ್ಳಬೇಕು. ಅಚ್ಚಾದದ್ದನ್ನು ನಂಬುವುದು ನಮಗೆ ಎಳವೆಯಿಂದ ಬಂದ ಅಭ್ಯಾಸ, ಅದಕ್ಕೆ ಕಾರಣವೂ ಇತ್ತು. ಅಚ್ಚು ಹಾಕಲು ದುಡ್ಡು ಬೇಕಿತ್ತು, ಮೊಳೆ ಜೋಡಿಸುವವರು, ಕರಡು ತಿದ್ದುವವರು, ಸಂಪಾದಕರು ಇದ್ದರು, ತಪ್ಪಾದರೆ ಕೋರ್ಟಿಗೆ ಹೋಗಬೇಕಾದ ಮಾಲೀಕರೂ ಇದ್ದರು. ಅಷ್ಟು ಜನರ ಕಣ್ಣು ದಾಟಿ ಬಂದ ಸಾಲಿಗೆ ಒಂದು ತೂಕವಿತ್ತು. ಈಗ ಅದೇ ಅಂದದ ಅಕ್ಷರ, ಅದೇ ದಪ್ಪ ತಲೆಬರಹ, ಹಿಂದೆ ಒಬ್ಬರೂ ಇಲ್ಲ. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಮನಸ್ಸು ಹಳೆಯ ತೂಕವನ್ನೇ ಕೊಟ್ಟುಬಿಡುತ್ತದೆ.

ಸುಳ್ಳಿನ ಓಟವನ್ನು ಅಳೆದವರೂ ಇದ್ದಾರೆ. 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿ 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ನಿಜ ಸುದ್ದಿಗಿಂತ ಸುಳ್ಳು ಸುದ್ದಿಯನ್ನು ಜನ ಮುಂದಕ್ಕೆ ದಾಟಿಸುವ ಸಾಧ್ಯತೆ ಶೇ. 70ರಷ್ಟು ಹೆಚ್ಚು. 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಸಮಯ ಹಿಡಿಯಿತು. ತಾನಾಗಿಯೇ ಹಂಚುವ ಯಂತ್ರಖಾತೆಗಳನ್ನು ಲೆಕ್ಕದಿಂದ ತೆಗೆದರೂ ಫಲ ಬದಲಾಗಲಿಲ್ಲ. ಹಂಚಿದವರು ಮನುಷ್ಯರೇ. ಸುಳ್ಳಿನಲ್ಲಿ ಹೊಸತನ ಹೆಚ್ಚಿರುತ್ತದೆ, ಕೇಳಿದವರಿಗೆ ಆಶ್ಚರ್ಯ, ಹೇಸಿಗೆ ಹುಟ್ಟುತ್ತದೆ, ಅದನ್ನು ಮೊದಲು ತಿಳಿಸಿದವರು ನಾವಾಗಬೇಕೆಂಬ ಆಸೆಯೂ ಹುಟ್ಟುತ್ತದೆ.

ಕಂಪನಿಗಳೇ ಒಂದಿಷ್ಟು ತಡವನ್ನು ಮರಳಿ ಹಾಕಿವೆ ಎಂಬುದು ಗಮನಿಸಬೇಕಾದ ಮಾತು. ವಾಟ್ಸ್‌ಆ್ಯಪ್ 2019ರಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗಳಿಗೆ ಎಂದು ಫಾರ್ವರ್ಡಿಗೆ ಮಿತಿ ಹಾಕಿತು. 2020ರ ಏಪ್ರಿಲ್‌ನಲ್ಲಿ, ಐದು ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು ಎಂದಿತು. ಅಂಥ ಸಂದೇಶದ ಮೇಲೆ ಎರಡು ಬಾಣದ ಗುರುತು ಇರುತ್ತದೆ. ಎರಡು ಬಾಣ ಕಂಡರೆ ಅದನ್ನು ಬರೆದವರು ನಿಮಗೆ ಕಳಿಸಿದವರಲ್ಲ, ಬರೆದವರು ಯಾರೆಂದು ಅವರಿಗೂ ಗೊತ್ತಿಲ್ಲ ಎಂದೇ ತಿಳಿಯಿರಿ. ಆದರೆ ಈ ಗುರುತಿಗೊಂದು ತೂತು ಇದೆ. ಪಠ್ಯವನ್ನು ನಕಲು ಮಾಡಿ ಅಂಟಿಸಿದರೆ, ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೆ ಬಾಣ ಮಾಯ, ಸಂದೇಶ ಈಗ ತಾನೇ ಹುಟ್ಟಿದ ಹಾಗೆ ಕಾಣುತ್ತದೆ. ಆಗ ಒಳಗಿನ ಲಕ್ಷಣ ನೋಡಬೇಕು. ತಾರೀಖು ಇಲ್ಲ, 'ಇಂದು ಬೆಳಿಗ್ಗೆ' ಎಂದಿದೆ. ಊರಿನ ಹೆಸರಿಲ್ಲ, 'ಪ್ರಸಿದ್ಧ ಆಸ್ಪತ್ರೆಯ ವೈದ್ಯರು' ಎಂದಿದೆ. ಕೊನೆಯಲ್ಲಿ 'ಡಿಲೀಟ್ ಆಗುವ ಮೊದಲು ಎಲ್ಲರಿಗೂ ಕಳಿಸಿ' ಎಂಬ ಅವಸರ. ಮೂರೂ ಕೂಡಿದ್ದರೆ ಮುಂದೆ ಓದುವ ಅಗತ್ಯವಿಲ್ಲ.

ಚಿತ್ರವಿದ್ದರೆ ಅದನ್ನು ಗೂಗಲ್ ಲೆನ್ಸ್‌ನಲ್ಲಿ ತೆರೆದು ಇದೇ ಚಿತ್ರ ಬೇರೆಲ್ಲಿ ಬಂದಿದೆ ಎಂದು ನೋಡಿ. ಹೆಚ್ಚಿನ ಸುಳ್ಳು ಚಿತ್ರಗಳು ಸೃಷ್ಟಿಸಿದವಲ್ಲ. ಯಾವುದೋ ವರ್ಷದ, ಯಾವುದೋ ದೇಶದ ನಿಜ ಚಿತ್ರಕ್ಕೆ ಹೊಸ ಒಕ್ಕಣೆ ಅಂಟಿಸಿರುತ್ತಾರೆ. ಒಂದು ವಾರ ಹಿಂದೆ ನಡೆಯಿತೆನ್ನುವ ಘಟನೆಯ ಚಿತ್ರ ಹತ್ತು ವರ್ಷದ ಹಿಂದಿನ ಪುಟದಲ್ಲಿ ಸಿಕ್ಕಿದರೆ ಕೆಲಸ ಮುಗಿಯಿತು. ಏನೂ ಸಿಗದಿದ್ದರೆ ಮಾತ್ರ ನಿಜವೆಂದು ಹೇಳಲಾಗದು, ಈಗ ಯಂತ್ರವೇ ಹೊಸ ಚಿತ್ರ ಬರೆಯುತ್ತದೆ. ಅಂಥ ಹೊತ್ತಿನಲ್ಲಿ ಒಂದು ದಿನ ಸುಮ್ಮನಿರುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ನಿಜವಾದ ದೊಡ್ಡ ಸುದ್ದಿಯಾಗಿದ್ದರೆ ನಾಳೆಯ ಹೊತ್ತಿಗೆ ನಿಮ್ಮ ಫಾರ್ವರ್ಡ್ ಯಾರಿಗೂ ಬೇಕಾಗಿರುವುದಿಲ್ಲ.

ಪತ್ರಿಕೆಗೆ ಕೊನೆಯ ಪುಟ ಅಂತ ಒಂದಿತ್ತು. ಓದಿ ಮಡಚಿಟ್ಟರೆ ಲೋಕದ ಸುದ್ದಿ ಅಂದಿಗೆ ಮುಗಿಯಿತು. ಫೇಸ್‌ಬುಕ್ 2006ರ ಸೆಪ್ಟೆಂಬರ್‌ನಲ್ಲಿ, ಪರಿಚಿತರು ಹಾಕಿದ್ದನ್ನೆಲ್ಲ ಒಂದೇ ಪಟ್ಟಿಯಲ್ಲಿ ಬಡಿಸುವ ನ್ಯೂಸ್ ಫೀಡ್ ತಂದಿತು. ಅದೇ ವರ್ಷ ಏಝಾ ರಾಸ್ಕಿನ್ ಎಂಬ ವಿನ್ಯಾಸಕಾರರು ಕೆಳಗೆ ಸರಿಸಿದಷ್ಟೂ ಹೊಸದು ತುಂಬುತ್ತಲೇ ಹೋಗುವ, ಕೊನೆಯೇ ಇಲ್ಲದ ಪುಟವನ್ನು ರೂಪಿಸಿದರು. ಮುಂದೆ ಅವರೇ ಅದಕ್ಕೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. 2009ರಲ್ಲಿ ಲೈಕ್ ಗುಂಡಿ ಬಂತು, ಟ್ವಿಟರ್‌ಗೆ ಇನ್ನೊಬ್ಬರು ಬರೆದದ್ದನ್ನು ಹಾಗೆಯೇ ಮುಂದಕ್ಕೆ ದಾಟಿಸುವ ರೀಟ್ವೀಟ್ ಗುಂಡಿ ಬಂತು. ಇವೆಲ್ಲ ಒಂದೊಂದು ಸಣ್ಣ ಸೌಕರ್ಯ. ಒಟ್ಟು ಸೇರಿದಾಗ ಆದದ್ದೇನೆಂದರೆ, ನೀವು ಯಾವುದರ ಮೇಲೆ ಎಷ್ಟು ಹೊತ್ತು ಬೆರಳು ನಿಲ್ಲಿಸಿದಿರಿ, ಯಾವುದಕ್ಕೆ ಉತ್ತರ ಬರೆದಿರಿ ಎಂಬ ಲೆಕ್ಕದ ಮೇಲೆ ಮುಂದಿನದನ್ನು ಯಂತ್ರ ಬಡಿಸುತ್ತದೆ. ಇಷ್ಟಪಟ್ಟು ನಿಂತಿರೋ, ಸಿಟ್ಟಿನಿಂದ ನಿಂತಿರೋ, ನಿಂತ ಹೊತ್ತಿನ ಲೆಕ್ಕದಲ್ಲಿ ಎರಡೂ ಒಂದೇ. ಬೈದು ಉತ್ತರ ಬರೆದರೆ ಅಂಥದ್ದೇ ಇನ್ನೂ ನಾಲ್ಕು ಬರುವ ಸಂಭವ ಹೆಚ್ಚು. ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಲ್ಲೇ ಮಾಹಿತಿ ಹೆಚ್ಚಿದಷ್ಟೂ ಗಮನಕ್ಕೆ ಬಡತನ ಬರುತ್ತದೆ ಎಂದಿದ್ದರು, ಆ ಮಾತು ಹೇಳಿದಾಗ, ಇದೇ ಜಾಲದ ಮೇಲೆ ನಾವೀಗ ಪುಟ ತೆರೆದು ಓದುವ ವೆಬ್ ಹುಟ್ಟಲು ಇನ್ನೂ ಹದಿನೆಂಟು ವರ್ಷ ಬಾಕಿ ಇತ್ತು.

ಇದರಿಂದ ಸಮಾಜಕ್ಕೆ ಆದ ಪೆಟ್ಟು ಬರೀ ಸಮಯ ಹಾಳಾಗುವುದಲ್ಲ. ಒಂದೇ ಪತ್ರಿಕೆ ಓದಿದ ಇಬ್ಬರು ಜಗಳವಾಡಬಹುದಿತ್ತು, ಯಾವ ಸುದ್ದಿಯ ಬಗ್ಗೆ ಜಗಳ ಎಂದು ಇಬ್ಬರಿಗೂ ಗೊತ್ತಿತ್ತು. ಈಗ ಒಂದೇ ಮನೆಯ ಇಬ್ಬರ ಪರದೆಯೂ ಬೇರೆ. ಒಬ್ಬರು ಯಾವುದಕ್ಕೆ ಹೊತ್ತಿ ಉರಿಯುತ್ತಿದ್ದಾರೆ ಎಂಬುದು ಇನ್ನೊಬ್ಬರಿಗೆ ಕಂಡೇ ಇರುವುದಿಲ್ಲ.

ಪುಟಕ್ಕೆ ಕೊನೆಯನ್ನು ಮತ್ತೆ ತರಲು ದಾರಿಗಳಿವೆ. ಯೂಟ್ಯೂಬ್‌ನಲ್ಲಿ ವೀಕ್ಷಣೆಯ ಇತಿಹಾಸವನ್ನು ನಿಲ್ಲಿಸಿ, ಹಳೆಯದನ್ನು ಅಳಿಸಿ. 2023ರಿಂದ, ಹೀಗೆ ಮಾಡಿದವರ ಮುಖಪುಟ ಬಹುಮಟ್ಟಿಗೆ ಖಾಲಿ ಇರುತ್ತದೆ. ಬೇಕಾದ್ದನ್ನು ಹುಡುಕಿ ನೋಡಬೇಕು, ನೋಡಿ ಎದ್ದು ಹೋಗಬೇಕು. ತಾನಾಗಿ ಮುಂದಿನ ವಿಡಿಯೊ ಓಡುವುದನ್ನೂ ನಿಲ್ಲಿಸಿ. ಬೇರೆ ಆ್ಯಪ್‌ಗಳಲ್ಲಿ ನೀವು ಹಿಂಬಾಲಿಸುವವರದ್ದನ್ನು ಮಾತ್ರ ತೋರಿಸುವ ಪಟ್ಟಿ ಎಲ್ಲೋ ಮೂಲೆಯಲ್ಲಿ ಇರುತ್ತದೆ. ಕೆಲವು ಆ್ಯಪ್‌ಗಳು ಮತ್ತೆ ತೆರೆದಾಗ ತಮ್ಮ ಪಟ್ಟಿಗೇ ಜಾರುತ್ತವೆ, ಪ್ರತಿಸಲ ಆರಿಸಿಕೊಳ್ಳಬೇಕು. ಅದೇನು ಮರೆವಲ್ಲ, ಬೇಕೆಂದೇ ಹಾಗೆ ಇಟ್ಟಿರುವುದು ಎಂದು ನನ್ನ ಅನುಮಾನ. ಇನ್ನು ಟಿಂಗ್ ಟಿಂಗ್ ಎನ್ನುವ ನೋಟಿಫಿಕೇಷನ್: ಆ್ಯಂಡ್ರಾಯ್ಡ್ ಫೋನ್‌ಗಳಲ್ಲಿ 2017ರಿಂದ ಒಂದೇ ಆ್ಯಪ್‌ನ ಸೂಚನೆಗಳನ್ನು ಬಗೆಬಗೆಯಾಗಿ ಬೇರ್ಪಡಿಸುವ ಅನುಕೂಲವಿದೆ. ಬಂದ ಸೂಚನೆಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಆ ಬಗೆಯದನ್ನು ಮಾತ್ರ ನಿಲ್ಲಿಸಬಹುದು. ಬ್ಯಾಂಕಿನ ಆ್ಯಪ್‌ಗೆ ಪೂರ್ತಿ ಬೀಗ ಹಾಕಿದವರಿಗೆ ಹಣ ಹೋದ ಸೂಚನೆಯೂ ಬರುವುದಿಲ್ಲ, ಹಾಗಾಗಿ ಜಾಹೀರಾತಿನ ಬಗೆಯನ್ನಷ್ಟೇ ನಿಲ್ಲಿಸಬೇಕು.

ಮೋಸಗಾರರ ಬಂಡವಾಳವೆಲ್ಲ ಅವಸರವೇ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಖಾತೆ ಇವತ್ತೇ ಬಂದ್ ಆಗುತ್ತದೆ, ನಿಮ್ಮ ಹೆಸರಿನಲ್ಲಿ ಕೇಸು ದಾಖಲಾಗಿದೆ, ಮಗ ಅಪಘಾತದಲ್ಲಿದ್ದಾನೆ. ಕಥೆ ಯಾವುದಾದರೂ ಇರಲಿ, ಜೊತೆಗೆ ಎರಡು ಷರತ್ತು ಇದ್ದೇ ಇರುತ್ತವೆ: ಫೋನ್ ಕಟ್ ಮಾಡಬೇಡಿ, ಯಾರಿಗೂ ಹೇಳಬೇಡಿ. ಪಕ್ಕದಲ್ಲಿದ್ದವರೊಬ್ಬರು 'ಏನಂತೆ?' ಎಂದು ಕೇಳಿದರೆ ಸಾಕು, ಆಟ ಮುಗಿಯುತ್ತದೆ. ಅದಕ್ಕೇ ಆ ಷರತ್ತು.

ಕಟ್ ಮಾಡಿ. ಆಮೇಲೆ ಕಾರ್ಡಿನ ಹಿಂಬದಿಯಲ್ಲೋ ಪಾಸ್‌ಬುಕ್ಕಿನಲ್ಲೋ ಅಚ್ಚಾಗಿರುವ ನಂಬರಿಗೆ ನೀವಾಗಿಯೇ ಮಾಡಿ. ಗೂಗಲ್‌ನಲ್ಲಿ ಗ್ರಾಹಕ ಸೇವೆಯ ನಂಬರ್ ಹುಡುಕಬೇಡಿ, ಮೇಲೆ ಬರುವುದು ದುಡ್ಡು ಕೊಟ್ಟ ಜಾಹೀರಾತಾಗಿರಬಹುದು, ಮೋಸಗಾರರೂ ದುಡ್ಡು ಕೊಡುತ್ತಾರೆ. ಪರದೆಯ ಮೇಲೆ ಬ್ಯಾಂಕಿನದೇ ನಂಬರ್ ಮೂಡಿತ್ತು ಎಂಬುದೂ ಪುರಾವೆಯಲ್ಲ, ಕರೆಯ ನಂಬರನ್ನೂ ನಕಲು ಮಾಡಬಹುದು. ಯಾವುದೋ ಆ್ಯಪ್ ಹಾಕಿಕೊಳ್ಳಿ, ನಾವೇ ಸರಿಮಾಡಿಕೊಡುತ್ತೇವೆ ಎಂದರೆ ಅದು ನಿಮ್ಮ ಪರದೆಯನ್ನು ಅವರಿಗೆ ತೋರಿಸುವ ಆ್ಯಪ್. ಒಟಿಪಿಯನ್ನು ನೀವು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ, ಅವರೇ ಓದಿಕೊಳ್ಳುತ್ತಾರೆ. ಮನೆಯವರ ದನಿಯನ್ನೇ ಯಂತ್ರ ಅನುಕರಿಸುವ ಕಾಲ ಬಂದಿರುವುದರಿಂದ ಮನೆಮಂದಿಗಷ್ಟೇ ಗೊತ್ತಿರುವ ಒಂದು ಗುಟ್ಟಿನ ಮಾತನ್ನು ಮೊದಲೇ ಗೊತ್ತುಮಾಡಿಟ್ಟುಕೊಳ್ಳುವುದು ಒಳ್ಳೆಯದು. ಅದನ್ನು ಮೆಸೇಜಿನಲ್ಲಿ ಬರೆಯದೆ ಎದುರಾಎದುರು ಹೇಳಿಕೊಳ್ಳಬೇಕು.

ಲಿಂಕ್ ಓದುವುದನ್ನು ಕಲಿತರೆ ಅರ್ಧ ಯುದ್ಧ ಗೆದ್ದಂತೆ. ನಮಗೆ ಎಡದಿಂದ ಓದಿ ಅಭ್ಯಾಸ, ಮೋಸ ಇರುವುದು ಅಲ್ಲೇ. ಮೊದಲಿನ ಜೋಡಿ ಓರೆಗೆರೆಯನ್ನು (//) ಬಿಟ್ಟು, ಆಮೇಲೆ ಬರುವ ಒಂಟಿ ಓರೆಗೆರೆಯನ್ನು ಹುಡುಕಿ, ಅಲ್ಲಿಂದ ಎಡಕ್ಕೆ ಓದಬೇಕು. 'ನಿಮ್ಮಬ್ಯಾಂಕ್.ಕಾಮ್.ಪರಿಶೀಲನೆ.ಇನ್ಫೋ/' ಎಂದಿದ್ದರೆ ಆ ತಾಣದ ಒಡೆಯ 'ಪರಿಶೀಲನೆ.ಇನ್ಫೋ'. ಮುಂದಿರುವ ಬ್ಯಾಂಕಿನ ಹೆಸರು ಬರೀ ಬಣ್ಣ, ಯಾರು ಬೇಕಾದರೂ ಬಳಿಯಬಹುದು. ತಾಣದ ವಿಳಾಸದ ಪಕ್ಕ ಬೀಗದ ಚಿತ್ರವಿದೆ, ಸುರಕ್ಷಿತ ಎಂದು ಕಲಿಸಿದ್ದ ಪಾಠವನ್ನು ಮರೆಯಿರಿ. ಬೀಗದ ಅರ್ಥ ದಾರಿಯಲ್ಲಿ ಯಾರೂ ಕದ್ದು ಓದಲಾರರು ಎಂಬುದಷ್ಟೆ, ಆ ತುದಿಯಲ್ಲಿ ಕುಳಿತವರು ಕಳ್ಳರೋ ಸಾಚಾಗಳೋ ಅದು ಹೇಳುವುದಿಲ್ಲ. ಜನ ಹೀಗೆ ತಪ್ಪು ತಿಳಿಯುತ್ತಿದ್ದುದರಿಂದಲೇ 2023ರಲ್ಲಿ ಗೂಗಲ್‌ನ ಬ್ರೌಸರ್ ಕ್ರೋಮ್ ಆ ಬೀಗದ ಚಿತ್ರವನ್ನೇ ತೆಗೆಯಿತು.

ನಡುವಿನ ಮನುಷ್ಯ ಹೋದ ಲಾಭವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಸಂಪಾದಕರ ಬಾಗಿಲು ಎಷ್ಟೋ ಜನರಿಗೆ ತೆರೆಯಲೇ ಇಲ್ಲ. ಕಿವಿ ಕೇಳದವರು ವಿಡಿಯೊ ಕರೆಯಲ್ಲಿ ಕೈಸನ್ನೆಯಿಂದ ದೂರದವರ ಜೊತೆ ಹರಟುತ್ತಾರೆ, ಹಳೆಯ ಟೆಲಿಫೋನ್ ಅವರಿಗೆ ಇದ್ದೂ ಇಲ್ಲದಂತಿತ್ತು. ಅಪರೂಪದ ಕಾಯಿಲೆಯವರು ತಮ್ಮಂಥ ಇನ್ನೊಬ್ಬರನ್ನು ಜೀವಮಾನದಲ್ಲಿ ಮೊದಲ ಬಾರಿಗೆ ಕಾಣುತ್ತಾರೆ. 2001ರ ಜನವರಿ 15ರಂದು ಶುರುವಾದ ವಿಕಿಪೀಡಿಯ ಸಂಬಳವಿಲ್ಲದವರ ದುಡಿಮೆಯಿಂದ ಬೆಳೆದಿದೆ, 2012ರಲ್ಲಿ ಬ್ರಿಟಾನಿಕಾ ಇನ್ನು ಅಚ್ಚು ಹಾಕುವುದಿಲ್ಲ ಎಂದಿತು. ದಪ್ಪ ಸಂಪುಟಗಳಿಗೆ ಮರುಗುವವರಲ್ಲಿ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವಷ್ಟು ಅನುಕೂಲವಿದ್ದವರು ಎಷ್ಟು ಜನ?

ಆದರೆ ಕೌಂಟರಿನ ಹಿಂದಿದ್ದ ಗುಮಾಸ್ತರ ಜಾಗ ಇನ್ನೂ ಭರ್ತಿಯಾಗಿಲ್ಲ. ಗೊಣಗುತ್ತಿದ್ದರು, ನಾಳೆ ಬಾ ಎನ್ನುತ್ತಿದ್ದರು, ಅವರನ್ನು ಹೊಗಳುವ ಇರಾದೆ ನನಗಿಲ್ಲ. ಆದರೂ ಅರ್ಜಿಯಲ್ಲಿ ಇಲ್ಲದ ಸಂಗತಿಯನ್ನು ಅವರಿಗೆ ವಿವರಿಸಬಹುದಿತ್ತು. ಫಾರಂ ಎಂಬುದು ಕೇಳಿದ್ದನ್ನಷ್ಟೇ ಕೇಳುತ್ತದೆ. ಒಂದೇ ಪದದ ಹೆಸರಿನವರಿಗೆ 'ಕೊನೆಯ ಹೆಸರು ಕಡ್ಡಾಯ' ಎನ್ನುತ್ತದೆ, ಅಲ್ಲಿ ಚುಕ್ಕೆ ಹಾಕಿ ದಾಟಿದವರ ಹೆಸರು ಮುಂದೆ ಇನ್ನೊಂದು ದಾಖಲೆಗೆ ಹೊಂದುವುದಿಲ್ಲ. ಬೆರಳಚ್ಚು ಕೇಳುತ್ತದೆ, ವಯಸ್ಸಾದವರ, ದುಡಿದವರ ಬೆರಳಿನ ಗೆರೆ ಸವೆದಿರುತ್ತದೆ. ನಿಧಾನವಾಗಿ ಟೈಪ್ ಮಾಡುವಷ್ಟರಲ್ಲಿ ಸಮಯ ಮೀರಿತು ಎಂದು ಎಲ್ಲವನ್ನೂ ಅಳಿಸಿ ಮೊದಲ ಪುಟಕ್ಕೆ ತಳ್ಳುತ್ತದೆ. ಹಾಗಾಗಿ ತಾಣ ತೆರೆಯುವ ಮೊದಲೇ ಉತ್ತರಗಳನ್ನು ಬೇರೆ ಕಡೆ ಟೈಪ್ ಮಾಡಿಟ್ಟುಕೊಂಡು ಅಂಟಿಸುತ್ತಾ ಹೋಗುವುದು ಮೇಲು. ಹೆಸರಿನ ಕಾಗುಣಿತ, ಇನಿಷಿಯಲ್‌ನ ಚುಕ್ಕೆ ಸಮೇತ, ಗುರುತಿನ ಚೀಟಿಯಲ್ಲಿ ಇದ್ದಂತೆಯೇ ಇರಲಿ. ಫೋಟೊ, ಸಹಿಗಳ ಫೈಲ್ ಎಷ್ಟು ದೊಡ್ಡದಿರಬಹುದು ಎಂದು ಮೊದಲೇ ಓದಿ ಕುಗ್ಗಿಸಿಟ್ಟುಕೊಳ್ಳಿ. ಮಕ್ಕಳ ಕೈಯಲ್ಲಿ ಮಾಡಿಸಿದರೆ ಬೇಗ ಆಗುತ್ತದೆ, ನಿಜ. ಆದರೆ ಅವರು ತಮ್ಮ ಮೊಬೈಲ್ ನಂಬರನ್ನೇ ಕೊಟ್ಟುಬಿಡುತ್ತಾರೆ, ಮುಂದೆ ನಿಮ್ಮ ಪ್ರತಿ ಒಟಿಪಿಗೂ ಅವರ ಬಿಡುವನ್ನು ಕಾಯಬೇಕಾಗುತ್ತದೆ.

ಕೊನೆಯದಾಗಿ, ಟ್ರಂಕಿನ ವಿಷಯ. ಹಿರಿಯರು ಹೋದ ಮೇಲೆ ಕಾಗದಪತ್ರ, ಫೋಟೊ ಆಲ್ಬಂ ಟ್ರಂಕಿನಲ್ಲಿ ಸಿಗುತ್ತಿದ್ದವು. ಈಗ ಟ್ರಂಕಿನ ಬೀಗದ ಕೈ ಅವರ ಬೆರಳೇ ಆಗಿದೆ. ಫೋಟೊಗಳು ಮೋಡದಲ್ಲಿ, ಅಂದರೆ ಕ್ಲೌಡ್ ಎನ್ನುವ ಕಂಪನಿಯ ದೂರದ ಕಂಪ್ಯೂಟರುಗಳಲ್ಲಿ, ಇವೆ ಎಂದು ನಿಶ್ಚಿಂತೆಯಿಂದಿರುವವರು ಒಂದನ್ನು ಗಮನಿಸಿಲ್ಲ: ಫೋನ್ ಮತ್ತು ಕ್ಲೌಡ್ ಒಂದಕ್ಕೊಂದು ಜೋಡಣೆಯಾಗಿದ್ದರೆ ಅದು ನಕಲು ಪ್ರತಿಯಲ್ಲ, ಕನ್ನಡಿ. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಗೂಗಲ್ ಫೋಟೋಸ್‌ನ ಕಸದ ಬುಟ್ಟಿಯಲ್ಲಿ ಬ್ಯಾಕಪ್ ಆದ ಚಿತ್ರ 60 ದಿನ ಇದ್ದು ಆಮೇಲೆ ಶಾಶ್ವತವಾಗಿ ಹೋಗುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಾಚೆ ಎಂಬುದು ಈ ಕೆಲಸ ಬಲ್ಲವರ ಲೆಕ್ಕ. ಪೆನ್‌ಡ್ರೈವ್ ಅನ್ನು ಕಪಾಟಿನಲ್ಲಿಟ್ಟು ವರ್ಷಗಟ್ಟಲೆ ಮರೆತರೆ ಒಳಗಿನ ವಿದ್ಯುತ್ ಸೋರಿ ದಾಖಲೆ ಕೆಡಬಹುದು, ಆಗಾಗ ಜೋಡಿಸಿ ತೆರೆದು ನೋಡಬೇಕು.

ಗೂಗಲ್‌ನಲ್ಲಿ 2013ರಿಂದ ನಿಷ್ಕ್ರಿಯ ಖಾತೆಯ ನಿರ್ವಹಣೆ ಎಂಬ ಏರ್ಪಾಡಿದೆ. ನೀವು 3, 6, 12 ಅಥವಾ 18 ತಿಂಗಳು ಖಾತೆ ಮುಟ್ಟದಿದ್ದರೆ, ನೀವು ಹೆಸರಿಸಿದ ಹತ್ತು ಜನರವರೆಗೆ ತಿಳಿಸಿ, ನೀವು ಒಪ್ಪಿದ ಭಾಗವನ್ನಷ್ಟೇ ಅವರಿಗೆ ಕೊಡುತ್ತದೆ. ಏನೂ ಹೇಳದೆ ಬಿಟ್ಟರೆ ಎರಡು ವರ್ಷ ಬಳಸದ ಖಾತೆಯನ್ನು ಅಳಿಸಿಹಾಕುವ ನಿಯಮವೂ 2023ರಿಂದ ಇದೆ. ಆ್ಯಪಲ್‌ನಲ್ಲಿ ವಾರಸುದಾರರನ್ನು ಮೊದಲೇ ಹೆಸರಿಸಬಹುದು. ಆಗ ಸಿಗುವ ಉದ್ದದ ಕೀಲಿಸಂಖ್ಯೆಯನ್ನು ಅವರಿಗೆ ಕೊಟ್ಟಿರಬೇಕು, ಮುಂದೆ ಅದರೊಂದಿಗೆ ಮರಣ ಪ್ರಮಾಣಪತ್ರವೂ ಬೇಕು. ಆದರೂ ಉಳಿಸಿಟ್ಟ ಪಾಸ್‌ವರ್ಡ್‌ಗಳು ಅವರಿಗೆ ಸಿಗುವುದಿಲ್ಲ.

ಪಾಸ್‌ವರ್ಡ್ ಆದ ಮೇಲೆ ಫೋನಿನಿಂದಲೂ ಒಪ್ಪಿಗೆ ಕೇಳುವ ಎರಡು ಹಂತದ ಪರಿಶೀಲನೆ ಹಾಕಿಕೊಂಡವರು ಫೋನ್ ಕಳೆದುಹೋದ ದಿನಕ್ಕೂ ಸಿದ್ಧರಿರಬೇಕು. ಗೂಗಲ್ ಖಾತೆಯ ಭದ್ರತೆಯ ಪುಟದಲ್ಲಿ ಬ್ಯಾಕಪ್ ಸಂಕೇತಗಳು ಎಂದಿದೆ. ಎಂಟಂಕಿಯ ಹತ್ತು ಸಂಖ್ಯೆ ಕೊಡುತ್ತದೆ, ಒಂದೊಂದೂ ಒಂದೇ ಬಾರಿಗೆ ನಡೆಯುತ್ತದೆ. ಅದನ್ನು ಫೋನಿನಲ್ಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಫೋನಿನ ಜೊತೆಗೇ ಹೋಗುತ್ತದೆ. ಕಾಗದದ ಮೇಲೆ ಬರೆದು, ಬಳಸಿದ್ದಕ್ಕೆ ಗೀಟು ಹಾಕುತ್ತಾ, ಮನೆಪತ್ರಗಳ ಜೊತೆ ಇಡಿ, ಎಲ್ಲಿದೆ ಎಂದು ಮನೆಯ ಒಬ್ಬರಿಗಾದರೂ ಹೇಳಿ. ಹೊಸ ಪಟ್ಟಿ ತೆಗೆದರೆ ಹಳೆಯ ಹತ್ತೂ ಆ ಕ್ಷಣವೇ ಸತ್ತುಹೋಗುತ್ತವೆ. ಹಾಗಾಗಿ ಕಾಗದದ ಮೂಲೆಯಲ್ಲಿ ಬರೆದ ತಾರೀಖು ಹಾಕಿ, ಹಳೆಯ ಚೀಟಿಯನ್ನು ಅಲ್ಲೇ ಹರಿದುಬಿಡಿ.